ತಂತಿಗೆ ಬಡಿದ ಹೆಬ್ಬಾತುಗಳು

ತೆಲಂಗಾಣದ ಗಡಿಯಲ್ಲಿ, ಮಕ್ತಲ್ ಕಡೆಯ ಕೃಷ್ಣೆಯ ಹಿನ್ನೀರಿನ ಊರಿನಲ್ಲಿ ಹುಟ್ಟಿದ ವಿಜಯಶ್ರೀ ಹೆಬ್ಬಾತುಗಳನ್ನು ಬೈಯುತ್ತಲೇ ಬೆಳೆದವಳು. ಚಳಿಗಾಲ ಬಂತೆಂದರೆ ಮಂಗೋಲಿಯಾದಿಂದ ಹಿಮಾಲಯ ದಾಟಿ ಬರುವ ಆ ಪಟ್ಟೆತಲೆಯ ಹಕ್ಕಿಗಳು ಅಪ್ಪ ಭೀಮಣ್ಣನ ಶೇಂಗಾ ಹೊಲಕ್ಕೆ ಇಳಿಯುತ್ತಿದ್ದವು. ಡಬ್ಬಿ ಬಡಿದು ಓಡಿಸುವುದು ಅವಳ ಕೆಲಸ. ಓಡಿಸುತ್ತಿದ್ದರೇ ಹೊರತು ಊರಿನಲ್ಲಿ ಯಾರೂ ಅವನ್ನು ಕೊಂದವರಲ್ಲ. "ಅಷ್ಟು ದೂರದಿಂದ ಬಂದಾವ, ಒಂದೀಟು ತಿಂದು ಹೋಗ್ಲಿ ಬಿಡು" ಎಂದು ಭೀಮಣ್ಣನೇ ಎಷ್ಟೋ ಸಲ ಡಬ್ಬಿ ಕಸಿದುಕೊಂಡಿದ್ದ.

ಐಟಿಐ ಮುಗಿಸಿದ ವಿಜಯಶ್ರೀ, ಕಂಬ ಹತ್ತುವ ಪರೀಕ್ಷೆಯಲ್ಲಿ ಗಂಡಸರನ್ನು ಹಿಂದೆ ಹಾಕಿ, ಹಿನ್ನೀರಿನ ದಂಡೆಗೆ ಬಂದ ಸೋಲಾರ್ ಕಂಪನಿಯಲ್ಲಿ ಲೈನ್ ಕೆಲಸಕ್ಕೆ ಸೇರಿದಳು. ಇದು ಹೊಗೆಯಿಲ್ಲದ ಕರೆಂಟು, ಭೂಮಿಯ ಬಿಸಿ ಇಳಿಸುವ ಕರೆಂಟು ಎಂದು ಕಂಪನಿಯವರು ಹೇಳಿದಾಗ ಅವಳಿಗೆ ನಿಜಕ್ಕೂ ಹೆಮ್ಮೆಯಾಗಿತ್ತು.

ಆ ಚಳಿಗಾಲ ಪ್ರಯೋಗಕ್ಕೆಂದು, ಹಿನ್ನೀರಿನ ಮೇಲೆ ಹಾದುಹೋಗುವ ಹೊಸ ಲೈನಿಗೆ ಕರೆಂಟು ಬಿಟ್ಟರು. ಮಂಜು ಕವಿದ ಒಂದು ಬೆಳಗ್ಗೆ ಲೈನ್ ಟ್ರಿಪ್ ಆಗಿ ಕರೆಂಟು ನಿಂತಿತು. ನೋಡಲು ಹೋದರೆ ತಂತಿಯ ಕೆಳಗಿನ ಕೆಸರಿನಲ್ಲಿ ಹೆಬ್ಬಾತುಗಳು ಕತ್ತು ಮುರಿದು ಬಿದ್ದಿದ್ದವು. ಒಂದಕ್ಕೆ ಇನ್ನೂ ಉಸಿರಿತ್ತು. ಎತ್ತಿ ತೊಡೆಯ ಮೇಲಿಟ್ಟುಕೊಳ್ಳುವಷ್ಟರಲ್ಲಿ ಅದೂ ಹೋಯಿತು. ಅದರ ಕಾಲಿನಲ್ಲಿ ದೂರದೇಶದವರು ತೊಡಿಸಿದ ಉಂಗುರವಿತ್ತು. ಎಲ್ಲಿಯೋ ಯಾರೋ ಇದು ಬದುಕಿರಲಿ ಎಂದು ಗುರುತು ಹಾಕಿ ಬಿಟ್ಟಿದ್ದ ಹಕ್ಕಿ, ತನ್ನೂರಿಗೆ ಬಂದು ಸತ್ತಿತ್ತು.

ಅವಳ ಸಿಟ್ಟು ತಂತಿಯ ಮೇಲಲ್ಲ. ತಂತಿ ಹಕ್ಕಿಗಳ ಕಣ್ಣಿಗೆ ಕಾಣಲೆಂದು ತೂಗುಬಿಡುವ ಹೊಳೆಯುವ ಬಿಲ್ಲೆಗಳು ಆಗಲೇ ಬಂದಿದ್ದವು. ಅವನ್ನು ಕಟ್ಟುವ ಷರತ್ತಿನ ಮೇಲೆಯೇ ಲೈನಿಗೆ ಅನುಮತಿ ಸಿಕ್ಕಿತ್ತು. ಆದರೆ ಬಿಲ್ಲೆಗಳು ಗೋದಾಮಿನಲ್ಲಿ ಬಿದ್ದಿದ್ದವು. ಅವಳು ಸೂಪರ್‌ವೈಸರ್ ಸುಶಮೀಂದ್ರನನ್ನು ಕೇಳಿದಳು.

"ಕಟ್ಟಬೇಕಂದ್ರ ಲೈನ್ ಬಂದ್ ಮಾಡಬೇಕಾಗ್ತದ. ಉದ್ಘಾಟನಾ ಮುಗೀಲಿ, ಆಮೇಲೆ ನೋಡೋಣಂತ" ಎಂದ ಸುಶಮೀಂದ್ರ.

"ಅಲ್ಲೀತನಕ ಸಾಯೋವು ಸಾಯ್ಲೇನ್ರೀ ಸರ್?"

"ಹಕ್ಕಿ ಸಲುವಾಗಿ ಕಂಪನಿ ನಿಲ್ಲಸ್ಲಿಕ್ಕೆ ಆಗ್ತದೇನಮ್ಮ?"

ಉದ್ಘಾಟನೆಯ ದಿನ ವೇದಿಕೆಯ ಹಿಂದೆ ದೊಡ್ಡ ಬ್ಯಾನರು. ಅದರಲ್ಲಿ ಹಾರುವ ಹೆಬ್ಬಾತುಗಳ ಸಾಲು. ಹಕ್ಕಿ ಉಳಿದರೆ ಕೆರೆ ಉಳಿಯುತ್ತದೆ, ಕೆರೆ ಉಳಿದರೆ ಹವಾಮಾನ ಉಳಿಯುತ್ತದೆ, ಇಡೀ ಜಗತ್ತು ಇದಕ್ಕೆ ಕೈಜೋಡಿಸಿದೆ ಎಂದು ಹೈದರಾಬಾದಿನಿಂದ ಬಂದ ದೊಡ್ಡ ಅಧಿಕಾರಿ ಭಾಷಣ ಮಾಡಿದರು. ವಿಜಯಶ್ರೀಗೆ ಮೈ ಉರಿಯಿತು. ಎದ್ದು ನಿಂತಳು.

"ಸರ್, ಆ ಚಿತ್ರದಾಗಿನ ಹಕ್ಕಿ ನಮ್ಮ ತಂತಿಗೆ ಬಡದು ಸಾಯಾಕತ್ತಾವ. ಬಿಲ್ಲೆ ಗೋದಾಮಿನ್ಯಾಗ ಅದಾವ. ಲೈನ್ ಬಂದ್ ಮಾಡಿಸ್ರಿ, ಇವತ್ತೇ ಕಟ್ತೀನಿ."

ಅಧಿಕಾರಿ ನಕ್ಕು ಚಪ್ಪಾಳೆ ತಟ್ಟಿ, ಕೂಡಲೇ ಕಟ್ಟಿಸಿ ಎಂದರು. ಮಧ್ಯಾಹ್ನ ಅವಳು ಕಂಬ ಹತ್ತಿದಳು. ರಸ್ತೆಗೆ ಕಾಣುವ ತಂತಿಗಳ ಕೆಲಸ ಮುಗಿಯಿತು, ಫೋಟೊ ತೆಗೆಯುವವರು ಹೊರಟರು, ಸುಶಮೀಂದ್ರ ಕೆಳಗಿನಿಂದ ಕೂಗಿದ: "ಇವತ್ತಿಗೆ ಸಾಕು, ಇಳಿ." ನೀರಿನ ಮೇಲಿನ ತಂತಿಗಳು, ಹಕ್ಕಿ ನಿಜವಾಗಿ ಹಾರುವ ಜಾಗದವು, ಹಾಗೇ ಉಳಿದವು. ಕೆಲವೇ ದಿನಗಳಲ್ಲಿ ಅವಳನ್ನು ಗದ್ವಾಲಿನಾಚೆ ಐಜದಲ್ಲಿದ್ದ ಕಂಪನಿಯ ಇನ್ನೊಂದು ಪ್ಲಾಂಟಿಗೆ ಎತ್ತಿಹಾಕಿದರು.

ಅಲ್ಲಿಗೆ ಅಪ್ಪನ ಫೋನು ಬಂತು. "ಇವತ್ತೂ ಬಿದ್ದಾವ, ಮಗಳ."

ಅವಳು ರಜೆ ಹಾಕಿ ಊರಿಗೆ ಬಂದು, ಅನುಮತಿಯ ಷರತ್ತನ್ನು ಕಟ್ಟೆಯ ಮೇಲೆ ಕೂತವರಿಗೆಲ್ಲ ಬಿಡಿಸಿ ಹೇಳಿದಳು. ಮರುದಿನ ಪಕ್ಕದ ಹೊಲದ ಹಂಪಮ್ಮ ಸತ್ತ ಹಕ್ಕಿಗಳನ್ನು ಬುಟ್ಟಿಯಲ್ಲಿ ತುಂಬಿಕೊಂಡು ಊರಿನ ಪ್ಲಾಂಟಿನ ಗೇಟಿಗೆ ಅಡ್ಡ ಕೂತಳು. ಬೆಳೆ ತಿಂದವೆಂದು ವರ್ಷವರ್ಷವೂ ಆ ಹಕ್ಕಿಗಳಿಗೆ ಶಾಪ ಹಾಕುತ್ತಿದ್ದವಳೇ ಅವಳು. ಊರವರು ಅವಳ ಹಿಂದೆ ಕೂತರು.

"ಹಕ್ಕಿಗೆ ದಾರಿ ಮಾಡ್ರಿ. ಆಮ್ಯಾಲ ನಿಮ್ಮ ಗಾಡಿಗೆ ದಾರಿ ಬಿಡ್ತೀವಿ" ಎಂದಳು ಹಂಪಮ್ಮ.

ಪತ್ರಿಕೆಯವರು ಬಂದ ಮೇಲೆ ಕಂಪನಿ ಬಗ್ಗಿತು. ನೀರಿನ ಮೇಲಿನ ತಂತಿಗಳಿಗೆಲ್ಲ ಬಿಲ್ಲೆ ಬಿದ್ದವು. ಕಟ್ಟಲು ವಿಜಯಶ್ರೀಯನ್ನು ಯಾರೂ ಕರೆಯಲಿಲ್ಲ. ಅಷ್ಟರಲ್ಲಿ ಬಹುಪಾಲು ಹೆಬ್ಬಾತುಗಳು ಉತ್ತರಕ್ಕೆ ಮರಳಿದ್ದವು. ವಲಸೆ ಹಕ್ಕಿಗಳ ರಕ್ಷಣೆಗೆ ತಾನೇ ಮುಂದಾಗಿ ಮಾಡಿದ ಕೆಲಸವೆಂದು ಕಂಪನಿ ಜಾಹೀರಾತು ಕೊಟ್ಟಿತು.

"ಆತಲ್ಲ, ಇನ್ನ ಸಿಟ್ಟು ಬಿಡು" ಎಂದ ಭೀಮಣ್ಣ, ಅವಳನ್ನು ಬಸ್ಸಿಗೆ ಹತ್ತಿಸುತ್ತ.

"ಹೆಂಗ ಬಿಡ್ಲಿ ಅಪ್ಪಾ? ಅವರು ಒಪ್ಪಿಕೊಂಡಿದ್ದ ಕೆಲಸ ಅವರ ಕೈಲೆ ಮಾಡಿಸಾಕ ಹಂಪಮ್ಮ ಹಕ್ಕಿ ಹೆಣ ಹೊತ್ಕೊಂಡು ಬರಬೇಕಾತಲ್ಲ."

ಗದ್ವಾಲ್ ಬಸ್ಸು ಹೊರಟಿತು. ಕಿಟಕಿಯಾಚೆ ನೀರಿನ ಮೇಲೆ ಬಿಲ್ಲೆಗಳು ಹೊಳೆಯುತ್ತಿದ್ದವು. ಅವಳು ಆ ಕಡೆ ನೋಡಲಿಲ್ಲ.