ಬಾನೆಟ್ಟಿನ ಮೇಲಿನ ಗೊಂಬೆ, ಹಿಂದುಗಡೆ ನಾಲ್ಕಂತಸ್ತಿನ ಕೇಕು

ಯಾರಾದರೂ ತನ್ನನ್ನು ನೋಡಿ ನಗುವುದಕ್ಕೆ ಮೊದಲೇ ತಾನೇ ನಕ್ಕುಬಿಡುವುದು ಝೆನೊನನ ಅಭ್ಯಾಸ. ಮದುವೆ, ನಾಮಕರಣ, ಯಾವ ಊಟಕ್ಕೆ ಕೂತರೂ ಸೂಪಿನ ಬಟ್ಟಲು ಮುಂದೆ ಬರುವಷ್ಟರಲ್ಲಿ ಅವನ ಕಥೆ ಶುರುವಾಗಿರುತ್ತಿತ್ತು.

"ನಾನು ಇಡೀ ಜೀವಮಾನ ಬಸ್ಸು ಓಡಿಸಿದೋನು. ಜನಾನ ಬೀಳಿಸಿದ್ರೆ ಅವರೇ ಎದ್ದು, ಅವರೇ ಬೈದು, ಅವರೇ ಇಳ್ಕೊಂಡು ಹೋಗೋರು. ಕೇಕು ಹಂಗಲ್ಲ ನೋಡಿ. ಬಿತ್ತು ಅಂದ್ರೆ ಬಿತ್ತು, ತುಟಿ ಪಿಟಕ್ ಅನ್ನಲ್ಲ. ಬೈಯೋ ಕೆಲ್ಸ ಎಲ್ಲಾ ಬ್ರೋನ್ಯಾದು."

ಬ್ರೋನ್ಯಾ ಅವನ ಹೆಂಡತಿ. ಪೋಲೆಂಡಿನ ಪೂರ್ವದ ಆ ಪುಟ್ಟ ಪಟ್ಟಣದಲ್ಲಿ ಅವಳ ಅಡುಗೆಮನೆಯಿಂದ ಹೊರಡದ ಮದುವೆ ಕೇಕೇ ಇಲ್ಲ ಅನ್ನಬೇಕು. ಅವಳು ಬೇಯಿಸುವುದು, ಕೆನೆ ಬಳಿಯುವುದು, ಸಕ್ಕರೆಯಲ್ಲಿ ಗುಲಾಬಿ ಮಾಡುವುದು. ಬಸ್ಸಿನ ಕೆಲಸದಿಂದ ನಿವೃತ್ತನಾದ ಝೆನೊನ್ ಅದನ್ನು ತನ್ನ ಹಳೇ ಉದ್ದನೆಯ ಕಾರಿನಲ್ಲಿ ಮದುವೆ ಹಾಲಿಗೆ ಮುಟ್ಟಿಸುವುದು. ಹೀಗೆ ಎಲ್ಲ ಸರಿಯಾಗಿಯೇ ಇತ್ತು, ಆ ಕೊಕ್ಕರೆ ಬರುವ ತನಕ.

ಹೋದ ವಸಂತದಲ್ಲಿ ಒಂದು ನಾಮಕರಣದ ಕೇಕು ಒಯ್ಯುತ್ತಿದ್ದಾಗ ನಡುರಸ್ತೆಯಲ್ಲಿ ಕೊಕ್ಕರೆಯೊಂದು ಒಂಟಿಕಾಲಲ್ಲಿ ನಿಂತಿತ್ತು. ಝೆನೊನ್ ಬ್ರೇಕು ತುಳಿದ. ಕೊಕ್ಕರೆ ಉಳಿಯಿತು. ಕೇಕಿನ ನಡುವಿನ ಅಂತಸ್ತು ಜಾರಿ ಡಬ್ಬಿಗೆ ಒರಗಿಕೊಂಡಿತು. ಸುಮ್ಮನಿದ್ದಿದ್ದರೆ ಬ್ರೋನ್ಯಾ ಬಂದು ಹೇಗಾದರೂ ಸರಿಮಾಡುತ್ತಿದ್ದಳೇನೋ. ಇವನು ಕೈಹಾಕಿ ತಳ್ಳಿದ. ಕೆನೆಯ ಮೇಲೆ ಐದು ಬೆರಳೂ ಅಚ್ಚೊತ್ತಿ ಕೂತವು. "ಮಗೂಗೆ ದೇವದೂತ ಆಶೀರ್ವಾದ ಮಾಡಿದ ಗುರುತು," ಎಂದು ಊಟದ ಮನೆಯಲ್ಲಿ ಹೇಳಿ ಮಗುವಿನ ಅಜ್ಜಿಯ ಕಣ್ಣಲ್ಲಿ ನೀರು ಕೂಡ ತರಿಸಿದ. ಆಮೇಲೆ ಆ ಅಜ್ಜಿಗೆ ದೇವದೂತನ ತೋಳಿಗೆ ಮೆತ್ತಿದ್ದ ಕೆನೆ ಕಾಣಿಸಿತು.

ಅವತ್ತಿನಿಂದ ಬ್ರೋನ್ಯಾ ಕೇಕುಗಳನ್ನು ಸೆವೆರಿನ್‌ನ ಕೈಗೆ ಕೊಟ್ಟಳು. ಸೆವೆರಿನ್ ಮೀನು ಮಾರುವವನು. ಅವನ ಹತ್ತಿರ ತಂಪು ವ್ಯಾನಿತ್ತು. ಝೆನೊನನಿಗೆ ಉಳಿದದ್ದು ಪಾತ್ರೆ ತೊಳೆಯುವ ಕೆಲಸ. "ಬಡ್ತಿ ಸಿಕ್ಕಿದೆ," ಎಂದು ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದ. ಆದರೆ ಶನಿವಾರ ಬೆಳಗ್ಗೆ ಸೆವೆರಿನ್‌ನ ವ್ಯಾನು ಬಾಗಿಲಿಗೆ ಬಂದು ನಿಂತಾಗ ಹಿತ್ತಲಿಗೆ ಹೋಗಿ, ಬೇಡದ ಸೌದೆ ಒಡೆಯುತ್ತಿದ್ದ.

ಅಷ್ಟರಲ್ಲಿ ಕಲಿನಾಳ ಮದುವೆ ಬಂತು. ಕಲಿನಾಗೆ ಚರ್ಚಿನಲ್ಲಿ ಹೆಸರಿಡುವಾಗ ಎತ್ತಿ ಹಿಡಿದವರು ಈ ಗಂಡಹೆಂಡಿರೇ. ಅವಳು ಹಟ ಹಿಡಿದು ಕೂತಳು. "ದೊಡ್ಡಪ್ಪಾನೇ ತರ್ಲಿ ದೊಡ್ಡಮ್ಮಾ. ಮೀನಿನ ಜೊತೆ ಬಂದ ಕೇಕು ನಂಗೆ ಬೇಡ."

ಬ್ರೋನ್ಯಾ ಗಂಡನ ಕಡೆ ತಿರುಗಿದಳು. "ಆಯ್ತು. ಆದ್ರೆ ಕೇಳಿಸ್ಕೋ ಮಹಾರಾಯ. ಇದು ಕೊನೇದು. ಇದಕ್ಕೇನಾದ್ರೂ ಆದ್ರೆ ಇನ್ನು ಬದುಕಿರೋ ತನಕ ನನ್ನ ಕೇಕಿನ ಹತ್ರ ಬರಕೂಡದು. ಎಲ್ಲಾ ಸೆವೆರಿನ್‌ಗೇ."

ಮದುವೆಯ ದಿನ ಬ್ರೋನ್ಯಾ ಚರ್ಚಿನಲ್ಲಿ ಇರಲೇಬೇಕಿತ್ತು. ಅಲ್ಲಿ ಪ್ರಾರ್ಥನೆ ಮುಗಿದು ದಿಬ್ಬಣ ಹೊರಡುವುದರೊಳಗೆ ಝೆನೊನ್ ಕೇಕನ್ನು ಲಿಪೋವೊ ಹಳ್ಳಿಯ ಫೈರ್ ಸ್ಟೇಷನ್ ಹಾಲಿಗೆ ಸೇರಿಸಬೇಕು. ಆ ಕಡೆ ಹಳ್ಳಿಗಳಲ್ಲಿ ಮದುವೆ ಊಟವೆಲ್ಲ ಆಗುವುದು ಅಲ್ಲೇ. ಬೆಂಕಿ ಬಂಡಿಯನ್ನು ಹೊರಗೆ ನಿಲ್ಲಿಸಿ ಒಳಗೆ ಮೇಜು ಹಾಕುತ್ತಾರೆ.

ಕಾರಿನ ಹಿಂದಿನ ಸೀಟು ಮಡಚಿ, ಸಪಾಟಾದ ಜಾಗದಲ್ಲಿ ರಬ್ಬರ್ ಚಾಪೆ ಹಾಸಿ, ನಾಲ್ಕು ಅಂತಸ್ತಿನ ಕೇಕನ್ನು ಡಬ್ಬಿಯಲ್ಲಿಟ್ಟರು. ಮೇಲಿಂದ ಕೆಳಗಿನ ತನಕ ನಡುವೆ ಮರದ ಕಡ್ಡಿ ಇಳಿಸಿತ್ತು. ಬ್ರೋನ್ಯಾ ಟೋಪಿ ಸರಿಮಾಡಿಕೊಳ್ಳುತ್ತಾ ಕೊನೆಯ ಪಾಠ ಹೇಳಿದಳು.

"ಏಸಿ ಆರಿಸ್ಬೇಡ. ಎಂಜಿನ್ ನಿಲ್ಲಿಸ್ಬೇಡ. ಡಬ್ಬಿ ತೆಗೀಬೇಡ. ಬ್ರೇಕ್ ತುಳಿಯೋವಾಗ ಮೊಟ್ಟೆ ಮೇಲೆ ಕಾಲಿಡ್ತಿದೀನಿ ಅನ್ಕೋ."

"ನಾನು ಮೊಟ್ಟೆ ಮೇಲೆ ಕಾಲಿಟ್ರೆ ಒಡೆದೇಹೋಗತ್ತಲ್ಲೇ?"

"ಕೊಕ್ಕರೆ ಬಂದ್ರೆ?"

"ಕೇಕಿನ ಪರ ನಿಲ್ತೀನಿ."

ಅವಳು ಚರ್ಚಿಗೆ ಹೊರಟ ಮೇಲೆ ಝೆನೊನನ ತಲೆ ಓಡಿತು. ಅವನ ತಲೆ ಓಡಿದಾಗಲೆಲ್ಲ ಏನಾದರೊಂದು ಮುರಿಯುತ್ತದೆ ಎಂಬುದು ಅವನಿಗೂ ಗೊತ್ತಿದ್ದ ವಿಷಯವೇ. ಕೇಕಿನ ಗಾಡಿ ನಿಧಾನಕ್ಕೆ ಹೋಗಬೇಕು. ನಿಧಾನಕ್ಕೆ ಹೋದರೆ ಹಿಂದಿನವರು ಹಾರ್ನು ಹೊಡೆದು, ಬೈದು, ಮುನ್ನುಗ್ಗಿ ಬಂದು ಅಡ್ಡ ಹಾಕುತ್ತಾರೆ. ಆದರೆ ಮದುವೆ ಗಾಡಿಯನ್ನು ಯಾರು ಬೈಯುತ್ತಾರೆ? ಅಟ್ಟ ಹತ್ತಿ ಮಗಳ ಹಳೇ ಗೊಂಬೆ ಹುಡುಕಿದ. ಅದಕ್ಕೆ ಪರದೆಯ ಚೂರಿನ ಮುಸುಕು ಹಾಕಿ, ಆ ಕಡೆ ಮದುವೆ ಕಾರುಗಳಿಗೆ ಕಟ್ಟುವ ಹಾಗೆ, ತನ್ನ ಮದುವೆಯಲ್ಲೂ ಕಟ್ಟಿದ್ದ ಹಾಗೆಯೇ, ಬಾನೆಟ್ಟಿನ ಮೇಲೆ ಕೂರಿಸಿ ಕಟ್ಟಿದ. ಕನ್ನಡಿಗಳಿಗೆ ಬಿಳಿ ರಿಬ್ಬನ್ನು. ಸೆವೆರಿನ್‌ನ ತಲೆಗೆ ಈ ಉಪಾಯ ಹೊಳೆಯಲು ಸಾಧ್ಯವೇ ಇರಲಿಲ್ಲ ಎಂದು ಎದೆಯುಬ್ಬಿಸಿ ಸ್ಟೇರಿಂಗ್ ಹಿಡಿದ.

ಉಪಾಯ ಫಲಿಸಿಯೇಬಿಟ್ಟಿತು! ಯಾರೂ ಬೈಯಲಿಲ್ಲ. ಬದಲಿಗೆ ಎಲ್ಲರೂ ಖುಷಿಯಿಂದ ಹಾರ್ನು ಹೊಡೆದರು. ಒಂದೊಂದು ಹಾರ್ನಿಗೂ ಝೆನೊನ್ ಸೀಟಿನಿಂದ ಒಂದು ಗೇಣು ಹಾರುತ್ತಿದ್ದ. ಸೈಕಲ್ಲಿನಲ್ಲಿ ಹೊರಟಿದ್ದ ಸನ್ಯಾಸಿನಿಯೊಬ್ಬಳು ಅವನನ್ನು ಹಿಂದೆ ಹಾಕಿ, ತಿರುಗಿ ಶಿಲುಬೆಯ ಗುರುತು ಮಾಡಿ ಹರಸಿ ಮುಂದೆ ಹೋದಳು. ಪಕ್ಕಕ್ಕೆ ಬಂದ ಲಾರಿಯವನು ಕಾರಿನೊಳಗೆ ಇಣುಕಿದ. ಮದುಮಗಳ ಬದಲು ಬೆವರುತ್ತಿರುವ ಬೋಳುತಲೆಯೊಂದು ಕಂಡಿತು.

"ಹುಡುಗಿ ಓಡೋದ್ಲಾ ಯಜಮಾನ್ರೇ?"

"ಹಿಂದ್ಗಡೆ ಡಬ್ಬೀಲಿದಾಳೆ!" ಎಂದು ಝೆನೊನ್ ಕೂಗಿದ. ಲಾರಿಯವನ ಮುಖದಿಂದ ನಗು ಇಳಿದುಹೋಯಿತು. ತಾನು ಹೇಳಿದ್ದು ಎಂಥ ಮಾತು ಎಂದು ಝೆನೊನನಿಗೆ ಹೊಳೆಯುವಷ್ಟರಲ್ಲಿ ಲಾರಿ ಮಾಯವಾಗಿತ್ತು.

ಲಿಪೋವೊಗೆ ತಿರುಗುವ ಕಿರಿದಾದ ದಾರಿಯಲ್ಲಿ, ಮೊದಲ ಮನೆಗಳ ಹತ್ತಿರ, ರಸ್ತೆಗೆ ಅಡ್ಡಲಾಗಿ ಹೂವು ಸುತ್ತಿದ ಹಗ್ಗ ಕಟ್ಟಿತ್ತು. ಹಗ್ಗದ ಆಚೆ ಮೇಜು. ಮೇಜಿನ ಮುಂದೆ ಕಿಟಕಿ ಪರದೆ ಹೊದ್ದು, ತುಟಿಗೆ ಬೀಟ್‌ರೂಟಿನ ರಸ ಬಳಿದುಕೊಂಡು ನಿಂತಿದ್ದ ಪೊದೆಮೀಸೆಯ ಮದುಮಗಳು ಇಗ್ನಾಟ್ಸಿ. ಮಿಕ್ಕ ದಿನಗಳಲ್ಲಿ ಅವನು ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ಪಕ್ಕದಲ್ಲಿ ಅವನ ತಾಯಿ ತೆಯೊಫಿಲಜ್ಜಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಒಬ್ಬ ಅಕಾರ್ಡಿಯನ್ ಹಿಡಿದಿದ್ದ.

ಹಾಸ್ಯದ ವೇಷ ಹಾಕಿ ದಿಬ್ಬಣಕ್ಕೆ ಅಡ್ಡಗಟ್ಟುವುದು, ಗಂಡಿನ ಕಡೆಯವರು ವೋಡ್ಕಾ ಕೊಟ್ಟ ಮೇಲೆ ಹಗ್ಗ ಇಳಿಸುವುದು ಝೆನೊನ್ ಹುಟ್ಟಿದಾಗಿನಿಂದ ನೋಡಿದ್ದೇ. ತಾನೂ ಎಷ್ಟೋ ಸಲ ಹಗ್ಗ ಹಿಡಿದವನೇ. ಗೊಂಬೆ ಕಟ್ಟುವಾಗ ಮಾತ್ರ ಇದೊಂದು ನೆನಪಿಗೆ ಬಂದಿರಲಿಲ್ಲ.

ಮೊಟ್ಟೆ ಮೇಲೆ ಕಾಲಿಟ್ಟ ಹಾಗೆ ಬ್ರೇಕು ಒತ್ತಿ ನಿಲ್ಲಿಸಿದ. ಅಕಾರ್ಡಿಯನ್ ಶುರುವಾಯಿತು.

"ಬಂದ್ರು ಬಂದ್ರು! ಬಾಟ್ಲಿ ತೆಗೀರಪ್ಪಾ!" ಎಂದು ಇಗ್ನಾಟ್ಸಿ ಓಡಿಬಂದು ಬಾನೆಟ್ಟಿನ ಮೇಲೆ, ಗೊಂಬೆಯ ಪಕ್ಕದಲ್ಲಿ, ಧಪ್ಪನೆ ಕೂತ. ಕಾರಿನ ಮೂತಿ ಕುಸಿಯಿತು.

"ಏಳೋ! ಏಳೋ ಮಾರಾಯ! ಕೇಕಿದೆ!"

"ಝೆನೊನಣ್ಣ? ನೀನೇನು ಇಲ್ಲಿ? ಹುಡ್ಗ ಹುಡ್ಗಿ ಎಲ್ಲಿ?"

"ಇನ್ನೂ ಚರ್ಚಲ್ಲೇ ಇದಾರೆ. ಇದು ಬರೀ ಕೇಕಿನ ಗಾಡಿ. ಹಗ್ಗ ಇಳಿಸು, ಹೋಗ್ತೀನಿ."

ಇಗ್ನಾಟ್ಸಿ ಎದ್ದು, ಹಗ್ಗದ ಗಂಟಿಗೆ ಕೈ ಹಾಕಿದ. ಆದರೆ ತೆಯೊಫಿಲಜ್ಜಿ ಕೋಲು ಎತ್ತಿದಳು.

"ಮುಟ್ಟಬೇಡ್ವೋ ಅದನ್ನ. ಗೊಂಬೆ ಕಟ್ಟಿದ ಗಾಡಿ ಬರಿಗೈಲಿ ದಾಟಿದ್ರೆ ಹೊಸ ಜೋಡಿಗೆ ಒಳ್ಳೇದಾಗತ್ತಾ? ಕೊಡೋದು ಕೊಟ್ಟೇ ಹೋಗ್ಬೇಕು."

"ಅಜ್ಜೀ, ನನ್ ಹತ್ರ ವೋಡ್ಕಾ ಇಲ್ಲ. ಪುದೀನ ಪೆಪ್ಪರ್‌ಮಿಂಟಿದೆ."

"ಥೂ."

"ಹಂಗಾದ್ರೆ ಗೊಂಬೆ ಬಿಚ್ಚಿಬಿಡ್ತೀನಿ, ಬಿಡಿ."

"ದಾರಿ ಮಧ್ಯೆ ಮದುಮಗಳನ್ನ ಕೆಳಗಿಳಿಸ್ತೀಯೇನೋ?" ಅಜ್ಜಿ ಹೌಹಾರಿದಳು. "ಕಲಿನಾ ಬಾಳು ಹಾಳುಮಾಡೋಕೆ ಬಂದ್ಯಾ? ಅವಳನ್ನ ಎತ್ತಾಡಿಸಿದ ಕೈ ಕಣೋ ನಿಂದು!"

ಝೆನೊನ್ ತಲೆ ಕೆರೆದುಕೊಂಡ. ಹಿಂದಕ್ಕೆ ಹೋಗೋಣವೆಂದರೆ ಎರಡೂ ಕಡೆ ಚರಂಡಿ. ನಿಂತೇ ಇರೋಣವೆಂದರೆ ಜೂನ್ ತಿಂಗಳ ಬಿಸಿಲು ಹಿಂದಿನ ಗಾಜಿಗೆ ನೇರ ಹೊಡೆಯುತ್ತಿತ್ತು. ಹಳೇ ಏಸಿ ನಿಂತಲ್ಲೇ ಎಷ್ಟು ಹೊತ್ತು ತಾಳೀತು? ಬ್ರೋನ್ಯಾಳ ಗುಲಾಬಿಗಳು ಒಂದೊಂದಾಗಿ ಜಾರುವುದು ಕಣ್ಣಿಗೆ ಕಟ್ಟಿತು. ಸೆವೆರಿನ್‌ನ ವ್ಯಾನು ಪ್ರತಿ ಶನಿವಾರ ಬಾಗಿಲಿಗೆ ಬರುವುದೂ ಕಾಣಿಸಿತು. ಒಡೆಯಲು ಸೌದೆ ಕೂಡ ಮನೆಯಲ್ಲಿ ಹೆಚ್ಚು ಉಳಿದಿರಲಿಲ್ಲ.

"ಮತ್ತೇನು ಕೊಡ್ಲಿ ಹೇಳ್ರಪ್ಪ. ನನ್ನನ್ನೇ ಇಟ್ಕೊಳ್ಳಿ."

ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀನು ಬೇಡ. ಕುಣಿ. ಹುಡ್ಗ ಬಾಟ್ಲಿ ತರ್ದೇ ಬಂದ್ರೆ ಹಗ್ಗದ ಹತ್ರ ನಿಂತ ಹುಡ್ಗಿ ಜೊತೆ ಒಂದು ಸುತ್ತು ಕುಣೀಬೇಕು. ನಮ್ ಕಾಲದಲ್ಲಿ ಹಂಗೇ ಇತ್ತು."

ಅಂಥದ್ದೊಂದು ಪದ್ಧತಿ ನಿಜವಾಗಿ ಇತ್ತೋ ಇಲ್ಲವೋ, ಅಜ್ಜಿ ಹೇಳಿದ ಮೇಲೆ ಇದ್ದ ಹಾಗೆಯೇ.

ಝೆನೊನ್ ಕುಣಿಯುವವನಲ್ಲ. ತನ್ನ ಮದುವೆಯಲ್ಲೇ ಮೊದಲ ವಾಲ್ಟ್ಜ್‌ನಲ್ಲಿ ಬ್ರೋನ್ಯಾಳ ಮುಸುಕನ್ನು ತುಳಿದು ಹರಿದವನು. ಆದರೂ ಎಂಜಿನ್ ಚಾಲೂ ಇಟ್ಟು, ಇಳಿದು, ಇಗ್ನಾಟ್ಸಿಯ ಗ್ರೀಸ್ ವಾಸನೆಯ ಸೊಂಟ ಹಿಡಿದ.

"ಮೆತ್ತಗೆ ಹಿಡ್ಕೋ ಅಣ್ಣಾ. ನಾನು ಮದುಮಗಳು."

"ಕಾಲು ತುಳೀಬೇಡ್ವೋ ಕತ್ತೆ."

"ತುಳೀತಿರೋದು ನೀನು!"

ಸುತ್ತುತ್ತಾ ಸುತ್ತುತ್ತಾ ಝೆನೊನನ ಕಣ್ಣು ಕಾರಿನ ಹಿಂದಿನ ಗಾಜಿನ ಮೇಲೆಯೇ ಇತ್ತು. ಹಾಗಾಗಿ ಚರ್ಚಿನ ಕಡೆಯಿಂದ ಬಂದು ನಿಂತ ದಿಬ್ಬಣವನ್ನು ಅವನೇ ಎಲ್ಲರಿಗಿಂತ ಕೊನೆಗೆ ನೋಡಿದ. ಎರಡನೇ ಕಾರಿನಿಂದ ಟೋಪಿ ಇಳಿಯಿತು. ಟೋಪಿಯ ಕೆಳಗೆ ಬ್ರೋನ್ಯಾ. ಅವಳು ಗೊಂಬೆಯನ್ನು ನೋಡಿದಳು. ರಿಬ್ಬನ್ನು ನೋಡಿದಳು. ಪರದೆ ಹೊದ್ದ ಮೀಸೆಯ ಸೊಂಟದ ಮೇಲಿದ್ದ ಗಂಡನ ಕೈ ನೋಡಿದಳು. ಅಕಾರ್ಡಿಯನ್ ತಾನಾಗಿಯೇ ನಿಂತಿತು.

"ಬ್ರೋನ್ಯಾ, ಎಂಜಿನ್ ಆನ್ ಇದೆ," ಎಂದ ಝೆನೊನ್. "ಡಬ್ಬಿ ತೆಗೆದಿಲ್ಲ."

"ಇವಳ್ಯಾರು?"

ಇಗ್ನಾಟ್ಸಿ ಮುಸುಕು ಸರಿಮಾಡಿಕೊಂಡು ನಾಚಿದ. ಮೊದಲು ಕಲಿನಾ ನಕ್ಕಳು, ಆಮೇಲೆ ಇಡೀ ದಿಬ್ಬಣ. ನಿಜವಾದ ಮದುಮಗ ಇಳಿದು ಬಂದು ಬಾಟ್ಲಿಗಳನ್ನು ಮೇಜಿನ ಮೇಲಿಟ್ಟ. ಅಜ್ಜಿ ಒಂದು ಗುಟುಕು ಪರೀಕ್ಷೆ ಮಾಡಿ ತಲೆಯಾಡಿಸಿದಳು. ಹಗ್ಗ ಇಳಿಯಿತು.

ಬ್ರೋನ್ಯಾ ನಗಲಿಲ್ಲ. ಬಂದು ಝೆನೊನನ ಪಕ್ಕದ ಸೀಟಿನಲ್ಲಿ ಕೂತಳು. ಅಲ್ಲಿಂದ ಹಾಲಿನ ತನಕ ರಸ್ತೆಯೆಲ್ಲ ಗುಂಡಿ. ಪರದೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡ ಇಗ್ನಾಟ್ಸಿ ಮುಂದೆ ಮುಂದೆ ನಡೆಯುತ್ತಾ, "ಎಡಕ್ಕೆ ಅಣ್ಣಾ, ಇನ್ನೂ ಎಡಕ್ಕೆ," ಎಂದು ದಾರಿ ತೋರಿಸಿದ. ಹಿಂದೆ, ದಾಟಿ ಹೋಗಲು ಜಾಗವಿಲ್ಲದ ದಿಬ್ಬಣವೆಲ್ಲ ಕೇಕಿನ ನಡಿಗೆಯಲ್ಲೇ ಬಂತು. ಬಸ್ಸಿನ ಕಾಲದಲ್ಲಿ ಇಡೀ ತಾಲ್ಲೂಕನ್ನು ತಡಮಾಡಿಸಿದ ಹೆಸರು ಝೆನೊನನಿಗಿತ್ತು. ಈಗ ಒಂದು ಮದುವೆಯನ್ನೂ ಸೇರಿಸಿಕೊಂಡ. ದಾರಿಯುದ್ದಕ್ಕೂ ಬ್ರೋನ್ಯಾ ಹಿಂದಕ್ಕೆ ತಿರುಗಿ ಡಬ್ಬಿಯನ್ನೇ ನೋಡುತ್ತಿದ್ದಳು. ಬೈದಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು.

ಹಾಲಿನಲ್ಲಿ ಕೇಕನ್ನು ಮೇಜಿನ ಮೇಲಿಟ್ಟು ಡಬ್ಬಿ ತೆಗೆದರು. ಗುಲಾಬಿ ಎಲ್ಲ ಇದ್ದಲ್ಲೇ ಇದ್ದವು. ಝೆನೊನ್ ಉಸಿರು ಬಿಡುವಷ್ಟರಲ್ಲಿ ಬ್ರೋನ್ಯಾ ಚೀಲದಿಂದ ಮೇಸ್ತ್ರಿಗಳು ಮಟ್ಟ ನೋಡುವ ರಸಮಟ್ಟ ತೆಗೆದು ಮೇಲಿನ ಅಂತಸ್ತಿನ ಮೇಲೆ ಹಗುರವಾಗಿ ಇಟ್ಟಳು. ಗಾಜಿನೊಳಗಿನ ಗುಳ್ಳೆ ಒಂದು ಪಕ್ಕಕ್ಕೆ ಸರಿದು ನಿಂತಿತು.

"ಓರೆ," ಎಂದಳು.

ಝೆನೊನ್ ತಾನೇ ತಪ್ಪೊಪ್ಪಿಕೊಂಡ. "ಬಾನೆಟ್ ಮೇಲೆ ಇಗ್ನಾಟ್ಸಿ ಕೂತಿದ್ದ. ಅವನನ್ನ ಕರೆಸಿದ್ದು ಗೊಂಬೆ. ಗೊಂಬೆ ಕಟ್ಟಿದ್ದು ನಾನು. ಸೆವೆರಿನ್‌ಗೆ ಫೋನ್ ಮಾಡ್ಬಿಡು, ನಾನು ಪಾತ್ರೆ ತೊಳೀತೀನಿ."

ಅವಳು ರಸಮಟ್ಟವನ್ನು ಅದೇ ಮೇಜಿನ ಖಾಲಿ ಜಾಗದಲ್ಲಿಟ್ಟಳು. ಗುಳ್ಳೆ ಅಲ್ಲಿಯೂ ಅದೇ ಪಕ್ಕಕ್ಕೆ ಓಡಿತು. ಝೆನೊನ್ ಮೇಜಿನಡಿಗೆ ನುಗ್ಗಿ, ಕನ್ನಡಿಯಿಂದ ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದ ಬಿಳಿ ರಿಬ್ಬನ್ನನ್ನು ಮಡಚಿ ಗಿಡ್ಡ ಕಾಲಿನ ಕೆಳಗೆ ತುರುಕಿದ. ಬ್ರೋನ್ಯಾ ಮತ್ತೆ ಕೇಕಿನ ಮೇಲಿಟ್ಟು ನೋಡಿದಳು. ಗುಳ್ಳೆ ನಡುಮಧ್ಯೆ.

"ಹೂಂ," ಎಂದಳು.

ಇಷ್ಟು ವರ್ಷದ ಸಂಸಾರದಲ್ಲಿ ಝೆನೊನನಿಗೆ ಅವಳಿಂದ ಸಿಕ್ಕ ಅತಿ ದೊಡ್ಡ ಹೊಗಳಿಕೆ ಅದೇ. ಅವನು ಮೇಜಿನಡಿಯಿಂದ ಎದ್ದು ಬರುವ ಆತುರದಲ್ಲಿ ತಲೆ ಹೊಡೆಸಿಕೊಳ್ಳದಂತೆ ಅವಳೇ ಅಂಚಿಗೆ ಅಂಗೈ ಒಡ್ಡಿದಳು. ಅವನ ತಲೆಗಿಂತ ಕೇಕಿನ ಚಿಂತೆಯೇ ಇದ್ದಿರಬೇಕು.

"ಮುಂದಿನ ಶನಿವಾರ ಐದಂತಸ್ತಿಂದು. ದೂರ ಇದೆ," ಎಂದಳು.

"ಗೊಂಬೆ ಮನೇಲಿ ಬಿಟ್ಟುಬರ್ತೀನಿ."

"ಯಾಕೆ? ಇರ್ಲಿ. ಆದ್ರೆ ಪಕ್ಕದಲ್ಲಿ ಎರಡು ಬಾಟ್ಲಿ ಇಟ್ಕೋ. ನೀನು ಕುಣಿಯೋದನ್ನ ಇನ್ನೊಂದು ಸಲ ನೋಡೋ ಶಕ್ತಿ ನಂಗಿಲ್ಲ."

ಊಟಕ್ಕೆ ಕೂತರು. ಸೂಪು ಇನ್ನೂ ಬಂದಿರಲಿಲ್ಲ. ಝೆನೊನ್ ಗಂಟಲು ಸರಿಮಾಡಿಕೊಂಡು, "ನಾನು ಇಡೀ ಜೀವಮಾನ ಬಸ್ಸು ಓಡಿಸಿದೋನು," ಎಂದು ಶುರುಮಾಡಿದ್ದನಷ್ಟೇ. ಬಾಗಿಲಲ್ಲಿ ಪರದೆ ಹೊದ್ದ ಪೊದೆಮೀಸೆ ಬಂದು ನಿಂತು, ಕೇಕಿನ ತುಂಡಿಗೆ ತಟ್ಟೆ ಹಿಡಿದು, ಇಡೀ ಹಾಲಿಗೆ ಕೇಳಿಸುವ ಹಾಗೆ ಕೂಗಿತು:

"ನನ್ ಗಂಡ ಎಲ್ರೀ?"