ರಾಯಪ್ಪ ಇಟ್ಟ ಮೂರು ಕಲ್ಲು

ರಾಯಪ್ಪನ ಬಗ್ಗೆ ಕೆಟ್ಟದ್ದಾಡುವವರು ನನ್ನ ಅಂಗಡಿಯಲ್ಲಿ ಚಹಾ ಕುಡಿಯುವುದು ಬೇಡ. ಗೋಕಾಕ ಫಾಲ್ಸಿನ ರಸ್ತೆಯಲ್ಲಿ ಚಹಾದಂಗಡಿಗಳಿಗೇನು ಬರವೇ? ಎದ್ದು ಹೋಗಲಿ.

ಅವನು ನಲವತ್ತು ವರ್ಷ ಈ ಗುಡ್ಡಗಳಲ್ಲಿ ಕುರಿ ಕಾಯ್ದವನು. ಹಿಂಡಿನ ಹಿಂದೆ ಓಡುವುದು ಆಗದೆ ಹೋದಾಗ ಕುರಿ ಮಾರಿದ, ಗುಡ್ಡ ಮಾತ್ರ ಬಿಡಲಿಲ್ಲ. ಊರು ನೋಡಲು ಬಂದವರನ್ನು ಕಾಡಿನೊಳಗೆ ಸುತ್ತಾಡಿಸಿ ಕರೆತರುತ್ತಿದ್ದ. ಹೆಗಲ ಮೇಲೆ ಕಂಬಳಿ, ಸೊಂಟದಲ್ಲಿ ಬೀರಪ್ಪ ದೇವರ ಭಂಡಾರದ ಚೀಲ. ಆ ಅರಿಶಿನ ಮುಟ್ಟಿ ಮಾತು ಕೊಟ್ಟನೆಂದರೆ ಮುಗಿಯಿತು, ಜೀವ ಹೋದರೂ ತಪ್ಪುವವನಲ್ಲ.

ಗುಡ್ಡದ ಅಂಚಿನಲ್ಲಿ ನೆಲ ಪೊಳ್ಳಾಗಿರುವ ಕಡೆ ನಮ್ಮ ಕುರಿಗಾರರು ಒಂದರ ಮೇಲೊಂದು ಮೂರು ಕಲ್ಲು ಇಡುತ್ತಾರೆ. ಮುಂದೆ ಹೋಗಬೇಡ ಎಂದು ಅದರ ಅರ್ಥ. ಮಳೆಗಾಲ ಮುಗಿದ ಕೂಡಲೇ ಬಿದ್ದ ಕಲ್ಲುಗಳನ್ನು ಮತ್ತೆ ನಿಲ್ಲಿಸಿ ಬರುತ್ತಿದ್ದವನು ರಾಯಪ್ಪನೇ. ಈ ಸೀಮೆಯ ಕುರಿಗಾರರಲ್ಲಿ ಸಣ್ಣ ಮಕ್ಕಳೂ ಅದನ್ನು ದಾಟುವುದಿಲ್ಲ.

ಕಳೆದ ಡಿಸೆಂಬರಿನ ಒಂದು ರವಿವಾರ ಧಾರವಾಡದಿಂದ ತಾಯಿ, ಮಗ ಬಂದರು. ಬೆಳಿಗ್ಗೆ ಹುಕ್ಕೇರಿಯ ಗುಮ್ಮಟಗಳನ್ನು ನೋಡಿಕೊಂಡು ಬಂದಿದ್ದರು. ಮಗ ಸೋಮಶೇಖರ ಬ್ಯಾಂಕಿನ ನೌಕರ. ವರ್ಷಕ್ಕೊಮ್ಮೆ ಹಿಮಾಲಯಕ್ಕೆ ಹೋಗಿ ಬೆಟ್ಟ ಹತ್ತುವ ಹುಚ್ಚು. ಚಹಾ ಕುಡಿಯುತ್ತ ಕೇಳಿದ:

"ಕಾಕಾ, ಹಿಮಾಚಲದಾಗ ಹಳ್ಳಿ ಹಳ್ಳಿಗೂ ಮನ್ಯಾಗ ಮಾಡಿದ ಬಿಯರ್ ಸಿಗತೈತ್ರಿ. ನಿಮ್ಮ ಗುಡ್ಡದಾಗ ಏನ ಸಿಗತೈತಿ?"

ನನ್ನ ಬಾಯಿಗೆ ಹುಳ ಬೀಳಲಿ, ಹೇಳಿಬಿಟ್ಟೆ. "ಸಿಂದಿ ಐತಲ್ರಿ! ಆ ಮಗ್ಗಲಿಗೆ ಈಚಲ ಗಿಡದಿಂದ ಕದ್ದು ಇಳಸ್ತಾರ. ನಮ್ಮ ರಾಯಪ್ಪಗ ಜಾಗ ಗೊತ್ತೈತಿ." ಅಲ್ಲೇ ಕುಳಿತಿದ್ದ ಅವನನ್ನು ತೋರಿಸಿದೆ.

ತಾಯಿ ನಾಗರತ್ನಾ ಅವರಿಗೆ ಗುಡ್ಡ ಹತ್ತುವುದು ಆಗದು, ನನ್ನ ಬೆಂಚಿನಲ್ಲೇ ಕುಳಿತರು. "ಇಂವ ಒಬ್ಬನ ಮಗಾರಿ ಅಣ್ಣಾರ, ಜ್ವಾಕಿಲೆ ಕರಕೊಂಡ ಬರ್ರಿ" ಎಂದರು. ರಾಯಪ್ಪ ಚೀಲ ಬಿಚ್ಚಿ ಭಂಡಾರ ಹಣೆಗೆ ಹಚ್ಚಿಕೊಂಡ.

"ಬೀರಪ್ಪನ ಆಣಿರಿ ಯವ್ವಾ. ಹೊತ್ತ ಮುಳಗೂದ್ರಾಗ ಇಲ್ಲೇ ತಂದು ಒಪ್ಪಸ್ತೇನಿ."

ಮೇಲೆ ಆದದ್ದನ್ನು ಆಮೇಲೆ ಅವನೇ ಹೇಳಿದ. ಹೊಸ ಮುಖ ಕಂಡರೆ ಸಿಂದಿ ಇಳಿಸುವವರು ಓಡಿಹೋಗುತ್ತಾರೆ. ಅದಕ್ಕೇ ಹುಡುಗನನ್ನು ಒಂದು ಮರದ ನೆರಳಲ್ಲಿ ಕೂರಿಸಿ ತಾನೊಬ್ಬನೇ ಹೋದ. ಅಂಚು ಅಲ್ಲಿಂದ ಐವತ್ತು ಹೆಜ್ಜೆ. ಆದರೆ ಮೂರು ಕಲ್ಲು ಇದ್ದವಲ್ಲ! ಬಾಯಿ ಬಿಟ್ಟು ಹೇಳಬೇಕೆಂದು ಅವನಿಗೆ ಅನ್ನಿಸಲೇ ಇಲ್ಲ. ಗಡಿಗೆ ತುಂಬಿಸಿಕೊಂಡು ಬಂದಾಗ ಮರದ ಕೆಳಗೆ ಚೀಲವಿತ್ತು, ಹುಡುಗನಿರಲಿಲ್ಲ. ಕಲ್ಲುಗಳ ಆಚೆ ಮಣ್ಣು ಆಗತಾನೇ ಕುಸಿದಿತ್ತು.

ಸುದ್ದಿ ಕೆಳಗೆ ಬಂತು, ಪೊಲೀಸರು ಬಂದರು. ರಾಯಪ್ಪ ಇನ್ನೂ ಕೊಳ್ಳದಲ್ಲಿ ಹೆಣ ಎತ್ತುವವರ ಜೊತೆಗಿದ್ದ. ಸಾಹೇಬರು ನನ್ನನ್ನು ಕೇಳಿದರು, "ಹುಡುಗ ಕುಡದಿದ್ನೇನು?"

"ಹೌದ್ರಿ ಸಾಹೇಬ್ರ" ಎಂದೆ. "ಚೀಲದಾಗ ಬಾಟ್ಲಿ ತಂದಿದ್ದ ಕಾಣಸ್ತೈತಿ. ಕುಡದು ಜಾರ್‍ಯಾನ."

ರಾಯಪ್ಪನನ್ನು ಉಳಿಸಲು ಹಾಗೆಂದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಸಿಂದಿಯ ಮಾತು ಎತ್ತಿದವನು ನಾನು, ನನ್ನ ಹೆಸರು ಬರಬಾರದಿತ್ತು. ನಾಗರತ್ನಾ ಅವರು ಬೆಂಚಿನಿಂದ ಎದ್ದು, "ನನ್ನ ಮಗ ಕುಡದ ಬೀಳಾಂವಲ್ಲರಿ" ಎಂದರು. ಯಾರು ಕೇಳಬೇಕು? ನೆರೆದವರಲ್ಲಿ ಒಬ್ಬ, "ಕುಡಕರಿಗೆ ಹಿಂಗss ಆಗಬೇಕ" ಎಂದೂ ಅಂದ. ಆ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಒಲೆಯ ಕಡೆ ತಿರುಗಿದೆ.

ಹೊತ್ತು ಮುಳುಗುವ ಹೊತ್ತಿಗೆ ರಾಯಪ್ಪ ಇಳಿದು ಬಂದ. ಸಿಂದಿಯ ಗಡಿಗೆಯನ್ನು ಸಾಹೇಬರ ಮುಂದೆ ಇಟ್ಟ.

"ಹುಡುಗ ಒಂದ ಗುಟುಕೂ ಮುಟ್ಟಿಲ್ರಿ. ಗಡಿಗಿ ತುಂಬೇ ಐತಿ, ನೋಡ್ರಿ. ಮೂರ ಕಲ್ಲ ಇಟ್ಟಾಂವ ನಾನು, ಹುಡುಗನ್ನ ಬಿಟ್ಟ ಹೋದಾಂವನೂ ನಾನು."

ಸುಮ್ಮನಿರು ಎಂದು ಅವನ ಕಂಬಳಿ ಎಳೆದೆ. ಕೊಡವಿಕೊಂಡ.

"ಯಾವ ಕಲ್ಲರಿ?" ಎಂದರು ನಾಗರತ್ನಾ ಅವರು. ಅವನು ತಿಳಿಸಿ ಹೇಳಿದ.

"ಹಿಮಾಚಲದಿಂದ ನನ್ನ ಮಗ ಫೋಟೋ ಕಳಸ್ತಿದ್ದರಿ" ಎಂದರು ಆಕೆ. "ಅಲ್ಲೆ ದಾರಿ ಗೊತ್ತಾಗಲಿ ಅಂತ ಕಲ್ಲ ಮ್ಯಾಲ ಕಲ್ಲ ಇಡತಾರಂತ. ಕಲ್ಲ ಇದ್ದಲ್ಲೆ ದಾರಿ ಇರತೈತಿ, ನೀ ಕಾಳಜಿ ಮಾಡಬ್ಯಾಡವ್ವಾ, ಅಂತಿದ್ದ."

ರಾಯಪ್ಪ ಅತ್ತುಬಿಟ್ಟ. ಅಷ್ಟು ವರ್ಷಗಳಲ್ಲಿ ಅವನು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಸೊಂಟದ ಚೀಲ ಬಿಚ್ಚಿ ಆಕೆಯ ಕಾಲ ಬಳಿ ಇಟ್ಟ. ಮತ್ತೆ ಅದನ್ನು ಕಟ್ಟಿಕೊಂಡಿಲ್ಲ.

ಅವನ ಮೇಲೆ ಕೇಸಾಯಿತು. ಈಗ ತಾರೀಖು ಬಂದಾಗಲೆಲ್ಲ ಗೋಕಾಕದ ಕೋರ್ಟಿಗೆ ಹೋಗುತ್ತಾನೆ. ಗುಡ್ಡ ತೋರಿಸೆಂದು ಅವನನ್ನು ಯಾರೂ ಕರೆಯುವುದಿಲ್ಲ. ಉಳಿದ ದಿನಗಳಲ್ಲಿ ಒಬ್ಬನೇ ಮೇಲೆ ಹೋಗಿ ಆ ಅಂಚಿಗೆ ಕಲ್ಲು ಹೊತ್ತು ಗೋಡೆ ಕಟ್ಟುತ್ತಿದ್ದಾನೆ. ಮೊಣಕಾಲೆತ್ತರ ಆಗಿದೆ.

ಅವತ್ತು ಹೆಣದ ಗಾಡಿ ಹತ್ತುವ ಮೊದಲು ನಾಗರತ್ನಾ ಅವರು ನನ್ನ ಅಂಗಡಿಯ ಮುಂದೆ ನಿಂತರು. ಸಿಟ್ಟಿನಿಂದಲ್ಲ, ತಿಳಿಯದೆ ಕೇಳುವವರ ಹಾಗೆ ಕೇಳಿದರು.

"ಅವರು ಕಲ್ಲ ಇಟ್ಟಿದ್ದು ಮಂದಿ ಉಳೀಲಿ ಅಂತ. ನೀವು ನನ್ನ ಮಗ ಕುಡದಿದ್ದ ಅಂತ ಯಾಕ ಹೇಳಿದ್ರಿ?"

ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ನಾನು ಮತ್ತೆ ಒಲೆಯ ಕಡೆ ತಿರುಗಿ ಅದನ್ನು ಇಳಿಸಿದೆ.