ಹೊರಕ್ಕೆ ತೆರೆಯುವ ಬಾಗಿಲು

ಅವರ ಅಂಗೈಗಳಲ್ಲಿ ಗೆರೆಗಳೇ ಇರಲಿಲ್ಲ. ಎರಡೂ ಕೈಗಳಲ್ಲಿ ಬೆಂದು ಮಾಗಿದ ಚರ್ಮ, ಮೇಣ ಬಳಿದಷ್ಟು ನುಣುಪು. ಬೆಳಕಿಗೆ ಹಿಡಿದರೆ ಅದರ ಮೇಲೆ ಅಡ್ಡಡ್ಡ ಪಟ್ಟಿಗಳು ಕಾಣುತ್ತಿದ್ದವು. ಆ ಕೈಗಳಿಗೆ ರೇಷ್ಮೆ ಎಳೆ ಮುಟ್ಟಿದ್ದು ತಿಳಿಯುತ್ತಿರಲಿಲ್ಲ. ಅದಕ್ಕೆ ನೂಲನ್ನು ಕೆನ್ನೆಗೆ ಒತ್ತಿ ನೋಡುತ್ತಿದ್ದರು. ಕಣ್ಣು ಮುಚ್ಚಿ ಒಂದು ಕ್ಷಣ ಸುಮ್ಮನಿದ್ದು, "ಇದು ಒರಟೈತೆ, ವಾಪಸ್ ಕೊಡು" ಎಂದರೆ ಮುಗಿಯಿತು, ಆ ನೂಲು ಮಗ್ಗಕ್ಕೆ ಏರುತ್ತಿರಲಿಲ್ಲ.

ನಾನು ರಾಂಪುರದಿಂದ ಮದುವೆಯಾಗಿ ಮೊಳಕಾಲ್ಮೂರಿಗೆ ಬಂದಾಗ ಅವರು ನಮ್ಮ ಪಕ್ಕದ ಮನೆಯವರು. ಆ ಬೀದಿಯಲ್ಲಿ ಮನೆಮಾತು ತೆಲುಗು. ಎಲ್ಲರೂ ಅವರನ್ನು ಪೆದ್ದಮ್ಮ, ಅಂದರೆ ದೊಡ್ಡಮ್ಮ, ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ. ಅವರಿಗೆ ನಾನು ಅಮ್ಮಾಯಿ, ಅಂದರೆ ಹುಡುಗಿ. ಸೀರೆಯ ಅಂಚಿನ ಕೆಲಸ ನನಗೆ ಹೇಳಿಕೊಟ್ಟವರು ಅವರೇ. ಸಿಹಿ ಮಾತಿನ ಹೆಂಗಸಲ್ಲ. ತಪ್ಪಿದರೆ ನೆತ್ತಿಗೆ ಮೊಟಕುತ್ತಿದ್ದರು. ಸರಿಯಾದರೆ ಏನೂ ಹೇಳುತ್ತಿರಲಿಲ್ಲ.

ಅವರಿಗೊಂದು ಅಭ್ಯಾಸವಿತ್ತು. ಯಾರ ಮನೆಗೆ ಹೋದರೂ, ಕೂರುವ ಮೊದಲೇ ಕೇಳುತ್ತಿದ್ದರು: "ಹಿಂದ್ಗಡೆ ಬಾಗ್ಲು ಎಲ್ಲೈತೆ?" ರಾಂಪುರದಲ್ಲಿ ನನ್ನ ತಮ್ಮನ ಮದುವೆಗೆ ಬಂದವರು ಊಟದ ಹಾಲ್‌ನಲ್ಲಿ ಬಾಗಿಲ ಪಕ್ಕದ ಎಲೆಗೇ ಕೂತರು. ನನ್ನ ಅವ್ವ ಒಳಗೆ ಫ್ಯಾನಿನ ಕೆಳಗೆ ಕರೆದರೂ ಏಳಲಿಲ್ಲ. ಸೊಕ್ಕು ಎಂದುಕೊಂಡರು ನಮ್ಮವರು. ನನಗೂ ಆಗ ಕಾರಣ ಗೊತ್ತಿರಲಿಲ್ಲ. ಚಳ್ಳಕೆರೆಯಲ್ಲಿ ಬಟ್ಟೆ ಅಂಗಡಿಯ ಕೆಲಸಕ್ಕಿದ್ದ ಅವರ ಒಬ್ಬನೇ ಮಗ ಬೆಂಕಿಗೆ ಸಿಕ್ಕಿ ಹೋದ ಎಂಬುದಷ್ಟೇ ಬೀದಿಯಲ್ಲಿ ಕೇಳಿದ್ದ ಮಾತು. ಅವರು ಅದರ ಬಗ್ಗೆ ಬಾಯಿ ಬಿಟ್ಟವರಲ್ಲ. ಕೇಳುವ ಧೈರ್ಯವೂ ಯಾರಿಗೂ ಇರಲಿಲ್ಲ.

ಆ ಹೊತ್ತಿಗೆ ನೇಕಾರರ ಸಂಘದವರು ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಕಟ್ಟಡ ಎಬ್ಬಿಸಲು ಹೊರಟರು. ಕೆಳಗೆ ಸೀರೆ ಮಾರುವ ಮಳಿಗೆ, ಮೇಲೆ ಮನೆಯಲ್ಲಿ ಜಾಗವಿಲ್ಲದ ಹೆಂಗಸರು ಬಂದು ನೇಯಲು ಮಗ್ಗದ ಹಾಲ್. ಗೋಡೆ ಎದ್ದು ತಾರಸಿ ಹಾಕಿದ ಮೇಲೆ ಸಂಘದ ಸಭೆಯಲ್ಲಿ ಬಾಗಿಲಿನ ಮಾತು ಬಂತು. ಮುಂದೆ ದೊಡ್ಡದೊಂದು ರೋಲಿಂಗ್ ಷಟರ್, ಮಳಿಗೆಯ ಒಳಗಿಂದಲೇ ಮೇಲಕ್ಕೆ ಮೆಟ್ಟಿಲು, ಬೇರೆ ಬಾಗಿಲು ಬೇಡ ಎಂದು ಅಧ್ಯಕ್ಷರು ಹೇಳಿದರು. ಒಳಗಿರುವುದು ರೇಷ್ಮೆ, ಕಳ್ಳರಿಗೆ ಒಂದೇ ದಾರಿ ಇದ್ದರೆ ಕಾಯುವುದು ಸುಲಭ. ಯಾರಿಗೂ ತಪ್ಪು ಕಾಣಲಿಲ್ಲ. ಹೆಂಗಸರ ಸಾಲಿನಿಂದ ಪೆದ್ದಮ್ಮ ಎದ್ದು ನಿಂತರು.

"ಷಟರ್ ಬ್ಯಾಡ."

"ಯಾಕಕ್ಕಾ? ಎಲ್ಲಾ ಅಂಗ್ಡಿಗೂ ಅದೇ ಹಾಕ್ತಾರೆ" ಎಂದರು ಅಧ್ಯಕ್ಷರು. ನಮ್ಮ ಬೀದಿಯವರೇ, ಒಳ್ಳೆಯ ಮನುಷ್ಯ.

"ಬ್ಯಾಡ ಅಂದ್ನಲ್ಲ."

"ಕಾರಣ ಹೇಳ್ಬೇಕಲ್ಲಕ್ಕಾ."

ಅವರು ತಲೆ ಅಲ್ಲಾಡಿಸಿ ಕೂತುಬಿಟ್ಟರು. ಕೊನೆಗೆ ಅಧ್ಯಕ್ಷರು, ಚಳ್ಳಕೆರೆಗೆ ಹೋಗಿ ಷಟರ್ ನೋಡಿಯೇ ತೀರ್ಮಾನಿಸೋಣ, ನೀವೂ ಬನ್ನಿ ಎಂದರು. ಮಗ ಸತ್ತ ಮೇಲೆ ಪೆದ್ದಮ್ಮ ಆ ಊರಿಗೆ ಕಾಲಿಟ್ಟಿರಲಿಲ್ಲ. ಆದರೂ ಒಪ್ಪಿದರು. ಜೊತೆಗೆ ನನ್ನನ್ನು ಕರೆದುಕೊಂಡರು. ಬಸ್ಸು ತಳಕು ಊರು ದಾಟುವವರೆಗೆ ಸರಿಯಾಗಿಯೇ ಇದ್ದರು. ಆಮೇಲೆ ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದವರು ಬಿಡಲೇ ಇಲ್ಲ.

ವೆಲ್ಡಿಂಗ್ ಅಂಗಡಿಯವನು ಮಾತುಗಾರ. ತನ್ನ ಗೋಡೌನಿಗೆ ಹಾಕಿಕೊಂಡಿದ್ದ ಹೊಸ ಷಟರನ್ನೇ ತೋರಿಸುತ್ತೇನೆಂದು ನಮ್ಮ ಮೂವರನ್ನೂ ಒಳಗೆ ನಿಲ್ಲಿಸಿದ. "ನೋಡ್ರಿ ಅಧ್ಯಕ್ಷರೇ, ಬೆಣ್ಣೆ ಹಂಗೆ ಇಳೀತೈತೆ" ಎಂದವನು ಹೊರಗೆ ನಿಂತು ಎಳೆದೇಬಿಟ್ಟ. ಬೇಡ ಎನ್ನುವಷ್ಟರಲ್ಲಿ ತಗಡು ಗಡಗಡ ಇಳಿದು ನೆಲಕ್ಕೆ ಬಡಿಯಿತು. ಒಳಗೆಲ್ಲ ಕತ್ತಲೆ. ಪಕ್ಕದಲ್ಲಿ ಪೆದ್ದಮ್ಮ ಕುಸಿದರು. ಅವರಿಂದ ಹೊರಟದ್ದು ಕಿರುಚಾಟವಲ್ಲ, ಗಂಟಲೊಳಗಿಂದ ಕರುವೊಂದು ಅರಚಿದ ಹಾಗಿತ್ತು. ಎರಡೂ ಕೈಯಲ್ಲಿ ತಗಡನ್ನು ಬಡಿಯತೊಡಗಿದರು.

"ಎತ್ತಲೇ! ಎತ್ತಲೇ ಮೊದ್ಲು!" ಅಧ್ಯಕ್ಷರು ಕೂಗಿದರು.

ಷಟರ್ ಏರಿದಾಗ ಅವರು ನೆಲದ ಮೇಲಿದ್ದರು. ಸೀರೆ ಒದ್ದೆಯಾಗಿತ್ತು. ನಾನು ಸೆರಗು ಬಿಚ್ಚಿ ಮರೆ ಮಾಡಿ ಅವರನ್ನು ಹೊರಗೆ ಕರೆತಂದು ಬೆಂಚಿನ ಮೇಲೆ ಕೂರಿಸಿದೆ. ಅಂಗಡಿಯವನು ನೀರು ತಂದುಕೊಟ್ಟು, ಏನು ಮಾಡುವುದೆಂದು ತೋಚದೆ ದೂರ ನಿಂತ. ನೀರು ಕುಡಿದ ಮೇಲೆ, ಯಾರೂ ಕೇಳದೆ, ಪೆದ್ದಮ್ಮ ಹೇಳಿದರು.

"ಮಧ್ಯಾಹ್ನ ಸೌಕಾರ ಉಣ್ಣಾಕೆ ಮನೀಗೆ ಹೋಗೋನು. ಷಟರ್ ಎಳ್ದು ಹೊರಗಡೆ ಬೀಗ ಹಾಕೋನು. ನನ್ನ ಮಗ ಒಳಗೆ ಮಲ್ಗೋನು, ಅಂಗ್ಡಿ ಕಾಯ್ದಂಗೂ ಆಗ್ತೈತೆ ಅಂತ. ಅವತ್ತು ನಾನು ರೊಟ್ಟಿ ಕಟ್ಕೊಂಡು ಬಂದಿದ್ದೆ. ಬರೋಷ್ಟ್ರಲ್ಲಿ ಹೊಗೆ ಬರ್ತಿತ್ತು. ವೈರು ಸುಟ್ಟಿತ್ತಂತೆ. ಜನ ಬೀಗ ಒಡೆದ್ರು. ಆದ್ರೆ ತಗಡು ಕಾದು ಉಬ್ಬಿ ಸಿಕ್ಕೊಂಡಿತ್ತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಇನ್ನೊಂದು ಬಾಗ್ಲಿರ್ಲಿಲ್ಲ. ಒಳಗಿಂದ ಬಡೀತಿದ್ದ. ನಾನೂ ಹೊರಗಿಂದ ಬಡಿದೆ. ಅವ್ವ ಬಂದೈತೆ ಅಂತ ಅವನಿಗೆ ಗೊತ್ತಾಗ್ಲಿ ಅಂತ. ಆಮ್ಯಾಕೆ ನಾನೊಬ್ಬಳೇ ಬಡೀತಿದ್ದೆ."

ಅಧ್ಯಕ್ಷರು ಎದ್ದು ಹೋಗಿ ಅಂಗಡಿಯವನ ಹತ್ತಿರ, ಷಟರ್ ಬೇಡ, ಬಾಗಿಲು ಮಾಡಿಕೊಡು ಎಂದರು. ಎಂಥದ್ದೆಂದು ಪೆದ್ದಮ್ಮನೇ ಹೇಳಿದರು. ಮುಂದೆ ಎರಡು ರೆಕ್ಕೆಯ ಕಬ್ಬಿಣದ ಬಾಗಿಲು. ಮೇಲಿನ ಹಾಲ್‌ಗೆ ಹಿಂದುಗಡೆ ಇನ್ನೊಂದು, ಅದರಿಂದ ಹೊರಗೋಡೆಗೆ ಅಂಟಿದ ಕಬ್ಬಿಣದ ಮೆಟ್ಟಿಲು. ಎಲ್ಲವೂ ಹೊರಕ್ಕೇ ತೆರೆಯಬೇಕು, ಜನ ಒಮ್ಮೆಲೇ ನುಗ್ಗಿ ಬಂದರೂ ತೆರೆದುಕೊಳ್ಳಬೇಕು. ಮೇಲಿನದಕ್ಕೆ ಒಳಗಡೆ ಒಂದೇ ಅಗುಳಿ, ಹೊರಗಡೆ ಬೀಗ ಹಾಕುವ ಕೊಂಡಿಯೇ ಇರಬಾರದು. "ಕೂಸು ತಳ್ಳಿದ್ರೂ ತೆಗೀಬೇಕು" ಎಂದರು.

ಕಟ್ಟಡ ಮುಗಿದು ನಾವೆಲ್ಲ ಮೇಲೆ ನೇಯಲು ಶುರುಮಾಡಿದೆವು. ಆ ಹಿಂಬಾಗಿಲಿಗೆ ಅವರೇ ಒಡತಿ. ದಿನಾ ಅಗುಳಿ ಸರಿಸಿ, ತಳ್ಳಿ, ಮತ್ತೆ ಮುಚ್ಚುವರು. ಕೀಲುಗಳಿಗೆ ಎಣ್ಣೆ ಬಿಡುವರು. ಒಮ್ಮೆ ಒಬ್ಬಾಕೆ ಜಾಗವಿಲ್ಲವೆಂದು ನೂಲಿನ ಬುಟ್ಟಿಯನ್ನು ಬಾಗಿಲಿಗೆ ಅಡ್ಡ ಇಟ್ಟಳು. ಪೆದ್ದಮ್ಮ ಆಕೆಯ ಕೆನ್ನೆಗೆ ಹೊಡೆದೇಬಿಟ್ಟರು. ದೊಡ್ಡ ಜಗಳವಾಯಿತು. ಆಕೆ ಬಹಳ ದಿನ ಅವರನ್ನು ಮಾತಾಡಿಸಲಿಲ್ಲ. ಬಾಗಿಲ ಮುದುಕಿ ಎಂದು ಬೆನ್ನ ಹಿಂದೆ ಹೆಸರೂ ಬಿತ್ತು.

ಕೆಲವು ವರ್ಷಗಳ ಮೇಲೆ ಕಳ್ಳತನವಾಯಿತು. ಮುಂದಿನ ಬಾಗಿಲ ಬೀಗ ಮೀಟಿ, ಹಬ್ಬಕ್ಕೆಂದು ಇಟ್ಟಿದ್ದ ಸೀರೆಗಳನ್ನೆಲ್ಲ ಹೊತ್ತೊಯ್ದರು. ತಿಂಗಳುಗಟ್ಟಲೆ ನೇಯ್ದದ್ದು. ಹೆಂಗಸರು ಎದೆ ಬಡಿದುಕೊಂಡು ಅತ್ತರು. ಷಟರ್ ಬೇಡವೆಂದಿದ್ದ ಪೆದ್ದಮ್ಮನ ಮೇಲೆ ಎಲ್ಲರ ಕಣ್ಣು ತಿರುಗಿತು. ಅಷ್ಟರಲ್ಲಿ ಹಳೆಯ ಅಧ್ಯಕ್ಷರು ತೀರಿಕೊಂಡು ಹೊಸಬರು ಬಂದಿದ್ದರು. ಮುಂದಿನ ಬಾಗಿಲು ತೆಗೆಸಿ ಷಟರ್ ಹಾಕಿಸಿದರು. ಮೇಲಿನ ಹಿಂಬಾಗಿಲಿಗೆ ಗೋಡೆ ಕಟ್ಟಿಬಿಡಿ ಎಂದು ಗಾರೆಯವನನ್ನೂ ಕರೆಸಿದರು.

ಅವನು ಇಟ್ಟಿಗೆ ಜೋಡಿಸಿಕೊಂಡು ಬಂದಾಗ ಪೆದ್ದಮ್ಮ ಹೊಸ್ತಿಲ ಮೇಲೆ ಕೂತಿದ್ದರು.

"ಏಳಮ್ಮ, ಕೆಲ್ಸ ಐತೆ."

"ನನ್ನೂ ಸೇರ್ಸಿ ಕಟ್ಟಪ್ಪ."

ಹೊಸ ಅಧ್ಯಕ್ಷರು ಬಂದು ಬೈದರು. "ನಿನ್ನ ಮಾತು ಕೇಳೇ ಎಲ್ರ ಹೊಟ್ಟೆ ಮೇಲೆ ಹೊಡೆದಂಗಾಯ್ತು, ಗೊತ್ತೈತಾ?"

"ಗೊತ್ತೈತೆ. ಸೀರೆ ಮತ್ತೆ ನೇಯ್ಬೋದು" ಎಂದರು, ಏಳಲಿಲ್ಲ. ಅವತ್ತೂ ಏಳಲಿಲ್ಲ, ಮಾರನೆಯ ದಿನವೂ ಏಳಲಿಲ್ಲ. ಬೇಸತ್ತು ಅಧ್ಯಕ್ಷರೇ ಕೈಬಿಟ್ಟರು. ಇಟ್ಟಿಗೆಗಳು ಎಷ್ಟೋ ಕಾಲ ಮೆಟ್ಟಿಲ ಬುಡದಲ್ಲೇ ಬಿದ್ದಿದ್ದವು.

ಪೆದ್ದಮ್ಮನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದ ವರ್ಷವೇ ಅದು ಆದದ್ದು. ನಡು ಬೇಸಿಗೆ, ಊಟದ ಹೊತ್ತು. ಮಳಿಗೆಯವನು ಷಟರ್ ಎಳೆದು ಮನೆಗೆ ಹೋಗಿದ್ದ. ಮೇಲೆ ನಾವು ಬುತ್ತಿ ಬಿಚ್ಚಿ ಕೂತಿದ್ದೆವು. ಕೂದಲು ಸುಟ್ಟಂಥ ವಾಸನೆ ಬಂತು. ರೇಷ್ಮೆ ಸುಟ್ಟರೆ ಹಾಗೇ. ಒಳಮೆಟ್ಟಿಲಿನ ಕಡೆ ಓಡಿದವಳೊಬ್ಬಳು ಕೆಮ್ಮುತ್ತಾ ತಿರುಗಿ ಬಂದಳು. ಅವಳ ಹಿಂದೆಯೇ ಕಪ್ಪು ಹೊಗೆ ಹಾಲ್‌ಗೆ ನುಗ್ಗಿತು. ಪಕ್ಕದವಳ ಮುಖ ಕಾಣದಂತಾಯಿತು. ಆದರೆ ಆ ಬಾಗಿಲು ಎಲ್ಲಿದೆ ಎಂದು ನಮ್ಮಲ್ಲಿ ಯಾರೂ ಕಣ್ಣಿನಿಂದ ಹುಡುಕಬೇಕಾಗಿರಲಿಲ್ಲ. ಯಾರು ಅಗುಳಿ ಸರಿಸಿದರೋ ಇಂದಿಗೂ ತಿಳಿಯದು. ಎಲ್ಲರೂ ಒಟ್ಟಿಗೆ ಬಾಗಿಲ ಮೇಲೆ ಬಿದ್ದೆವು, ಅದು ತೆರೆಯಿತು. ಕಾದ ಕಬ್ಬಿಣದ ಮೆಟ್ಟಿಲು ಇಳಿದು ರಸ್ತೆಗೆ ಬಂದು, ಒಬ್ಬರ ಹೆಸರು ಒಬ್ಬರು ಕೂಗಿಕೊಂಡೆವು. ಎಲ್ಲರೂ ಓಗೊಟ್ಟರು. ಕಣ್ಣೆದುರೇ ಮಗ್ಗಗಳು, ಅರ್ಧ ನೇಯ್ದ ಸೀರೆಗಳು, ಕಟ್ಟಡವೆಲ್ಲ ಉರಿದುಹೋಯಿತು.

ಅಲ್ಲಿಂದ ನೇರ ಪೆದ್ದಮ್ಮನ ಮನೆಗೆ ಓಡಿದೆವು. ಅವರಿಂದ ಏಟು ತಿಂದಿದ್ದವಳೇ ಮುಂದಿದ್ದಳು. ಊರಿನ ಗಲಾಟೆ ಅವರ ಕಿವಿಗೂ ಬಿದ್ದಿತ್ತು. ಸ್ವಾಧೀನವಿಲ್ಲದ ಮೈಯನ್ನು ಎಳೆದುಕೊಂಡು ತೆವಳುತ್ತಾ ಹೊಸ್ತಿಲವರೆಗೂ ಬಂದುಬಿಟ್ಟಿದ್ದರು.

"ಎಲ್ರೂ ಬಂದೀವಿ ಪೆದ್ದಮ್ಮ. ನಿನ್ನ ಬಾಗ್ಲು ಉಳಿಸ್ತು" ಎಂದಳು ಅವಳು, ಕಾಲು ಹಿಡಿದು.

ಅವರು ನಮ್ಮ ಮಸಿ ಹಿಡಿದ ಮುಖಗಳನ್ನು ಒಂದೊಂದಾಗಿ ನೋಡಿದರು. ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಆದರೆ ಅವರ ಮುಖ ಕಿವುಚಿಕೊಂಡಿತು. ತೊದಲುವ ಬಾಯಲ್ಲಿ, "ಒಂದು ಬಾಗ್ಲು... ಇಷ್ಟೇನಾ? ಒಂದು ಬಾಗ್ಲಿದ್ದಿದ್ರೆ ಬರ್ತಿದ್ನಾ ಅವನು?" ಎಂದು ಗೋಡೆಯ ಕಡೆ ತಿರುಗಿ ಅತ್ತರು. ಇಷ್ಟು ವರ್ಷ ಏನೆಂದು ಸಮಾಧಾನ ಹೇಳಿಕೊಂಡಿದ್ದರೋ, ಮಗನ ಹಣೆಯಲ್ಲಿ ಬರೆದದ್ದು ಎಂದೇ ಇರಬೇಕು, ಆ ಸಮಾಧಾನವನ್ನು ನಾವು ಬದುಕಿ ಬಂದು ಕಿತ್ತುಕೊಂಡಿದ್ದೆವು.

ಆಮೇಲೆ ಅವರು ಹೆಚ್ಚು ದಿನ ಉಳಿಯಲಿಲ್ಲ. ಅನ್ನ ಸೇರುತ್ತಿರಲಿಲ್ಲ. ನಾನು ದಿನಾ ಹೋಗಿ ಗಂಜಿ ಕುಡಿಸುತ್ತಿದ್ದೆ. ಉಪಕಾರದ ಮಾತು ಎತ್ತುತ್ತಿರಲಿಲ್ಲ. ಎತ್ತಿದರೆ ಅವರಿಗೆ ಕಾಣುವುದು ನಾನಲ್ಲ, ಬಾರದೇ ಹೋದವನು. ತೀರಿಹೋಗುವ ಹಿಂದಿನ ದಿನ ಅವರೇ ಕೇಳಿದರು.

"ಅಮ್ಮಾಯಿ, ಬಾಗ್ಲು ತೆಗೆದಾಗ ಮೊದ್ಲು ಏನು ಬಂತು?"

"ಗಾಳಿ ಪೆದ್ದಮ್ಮ."

"ತಂಪಿತ್ತಾ?"

ಅದು ಮೊಳಕಾಲ್ಮೂರಿನ ಬೇಸಿಗೆಯ ಮಧ್ಯಾಹ್ನದ ಗಾಳಿ, ಬಂಡೆಗಳ ಮೇಲಿಂದ ಸುಡುತ್ತಾ ಬೀಸುವಂಥದ್ದು. ಆದರೂ ನಾನು ಹೇಳಿದ್ದು ಸುಳ್ಳಲ್ಲ.

"ತಂಪಿತ್ತು ಪೆದ್ದಮ್ಮ. ಅಷ್ಟು ತಂಪು ಗಾಳಿ ನಾನು ಕುಡ್ದಿಲ್ಲ."

ಅವರು ಕಣ್ಣು ಮುಚ್ಚಿ, ಬಾಯಿ ತುಸು ತೆರೆದು, ಉಸಿರನ್ನು ಒಳಗೆ ಎಳೆದುಕೊಂಡರು.